ಐಸಿಯುನಲ್ಲಿ ನಿದ್ದೆಯ ಲೆಕ್ಕ ಇಡುವವರು

ಐಸಿಯುನಲ್ಲಿ ರೋಗಿಯ ನಿದ್ದೆಯನ್ನು ಅಳೆಯುವ ಸಂಶೋಧನಾ ಸಹಾಯಕರ ಮೇಲೆ ನನಗೆ ವಿಶೇಷ ಗೌರವ. ತಲೆದಿಂಬಿನ ಹತ್ತಿರ ಬೆಳಕು, ಸದ್ದು ಅಳೆಯುವ ಮೀಟರ್ ಇಡುತ್ತಾರೆ. ರಾತ್ರಿ ವಾರ್ಡಿನ ಸದ್ದು 30 ಡೆಸಿಬಲ್ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐಸಿಯುಗಳಲ್ಲಿ 50 ದಾಟುವುದು ಮಾಮೂಲು.

ಅವರ ಬೆಳಗಿನ ಕೆಲಸವೇ ನನಗೆ ಹೆಚ್ಚು ಇಷ್ಟ. ರಿಚರ್ಡ್ಸ್-ಕ್ಯಾಂಪ್‌ಬೆಲ್ ಪ್ರಶ್ನಾವಳಿ ಹಿಡಿದು ಹಾಸಿಗೆಯತ್ತ ಬಾಗಿ, ‘ಅಮ್ಮಾ, ನಿದ್ದೆ ಚೆನ್ನಾಗಿ ಬಂತಾ? ಮಧ್ಯೆ ಎಚ್ಚರ ಆಯ್ತಾ?’ ಎಂದು ಕೇಳುತ್ತಾರೆ. ಐದು ಪ್ರಶ್ನೆ, ಪ್ರತಿಯೊಂದಕ್ಕೂ 100 ಮಿಲಿಮೀಟರಿನ ಒಂದು ಗೆರೆ. ನಡುಗುವ ಕೈ ಅದರ ಮೇಲೆ ತಾನೇ ಗುರುತು ಹಾಕುವವರೆಗೆ ಕಾಯಬೇಕು. ಪೆನ್ನನ್ನು ಕೂದಲೆಳೆಯಷ್ಟೂ ಆಚೀಚೆ ತಳ್ಳಕೂಡದು. ಎಂಥ ಸಹನೆ ಬೇಕು ಅದಕ್ಕೆ! ಗುರುತು ಹಾಕಲಾಗದವರ ಬಗ್ಗೆ ರಾತ್ರಿಪಾಳಿಯ ನರ್ಸ್‌ಗಳನ್ನು ವಿಚಾರಿಸುತ್ತಾರೆ. ಮೂತ್ರದಲ್ಲಿ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನಿನ ಅಂಶದ ಏರಿಳಿತ ನೋಡಿ, ದೇಹದೊಳಗಿನ ಗಡಿಯಾರ ಹಗಲು-ರಾತ್ರಿಯ ಲಯ ತಪ್ಪಿದೆಯೇ ಎಂಬುದನ್ನೂ ಪತ್ತೆಹಚ್ಚುತ್ತಾರೆ.