ಮಾತು ಯಾರಿಗೆ? – ಕೌಟುಂಬಿಕ ದೌರ್ಜನ್ಯದ ವಿರುದ್ಧ ಗಂಡಸಿನ ನುಡಿ

ಹೆಂಡತಿಯನ್ನು ಹೊಡೆಯುವ ರೂಢಿಯ ವಿರುದ್ಧ ಗಂಡಸರೇ ಆಡಿದ ಮಾತು ಯಾವ ರೂಪಗಳನ್ನು ತಳೆದಿದೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಪ್ರತ್ಯೇಕವಾಗಿ ಎತ್ತಿಕೊಂಡದ್ದು ಕಡಿಮೆ. ಹೆಣ್ಣಿನ ನೋವನ್ನು ಲೇಖಕನು ಎಷ್ಟು ಸಹಾನುಭೂತಿಯಿಂದ ಚಿತ್ರಿಸಿದ್ದಾನೆ ಎಂಬುದನ್ನೇ ನಾವು ಸಾಮಾನ್ಯವಾಗಿ ಅಳೆಯುತ್ತ ಬಂದಿದ್ದೇವೆ. ಈ ವಿಷಯದಲ್ಲಿ ಆ ಅಳತೆಗೋಲು ಸಾಲದು. ಮಾತು ಯಾರನ್ನು ಉದ್ದೇಶಿಸಿದೆ? ಹೊಡೆಯುವವನಿಗೂ ಮಾತನಾಡುವವನಿಗೂ ಇರುವ ಸಂಬಂಧವೇನು? ಮಾತು ಮುಗಿದ ಮೇಲೆ ಹೆಣ್ಣಿನ ಸ್ಥಿತಿ ಏನಾಗುತ್ತದೆ? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಒಂದು ಕಾದಂಬರಿ, ಒಂದು ನಾಟಕ, ಮುಂಬಯಿಯ ಒಂದು ಪತ್ರಿಕಾ ಜಾಹೀರಾತು ಹಾಗೂ ಒಂದು ಪ್ರಚಾರ ಚಿತ್ರಮಾಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಾಹಿತ್ಯಕೃತಿಯನ್ನೂ ಜಾಹೀರಾತನ್ನೂ ಒಂದೇ ಸಾಲಿನಲ್ಲಿಡುವುದು ಕೆಲವರಿಗೆ ಅನುಚಿತವೆನಿಸಬಹುದು. ಆದರೆ ಎರಡೂ ಒಂದೇ ಮೌನವನ್ನು ಎದುರಿಸಿದ ಪಠ್ಯಗಳು ಎಂಬುದನ್ನು ಮರೆಯಲಾಗದು.

ಆ ಮೌನಕ್ಕೆ ನಮ್ಮ ಭಾಷೆಯೇ ಒದಗಿಸಿದ ಆಸರೆ ದೊಡ್ಡದು. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆ ಮನೆಯೊಳಗಿನದು ಹೊರಬರಬಾರದೆಂದು ವಿಧಿಸುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಹೊರಗಿನವನು ಒಳಹೋಗಬಾರದೆಂದು ಹೇಳುತ್ತದೆ. ಇಲ್ಲಿ ‘ಜಗಳ’ ಎಂಬ ಪದವನ್ನು ಗಮನಿಸಬೇಕು. ಜಗಳಕ್ಕೆ ಇಬ್ಬರು ಬೇಕು. ಹೊಡೆತಕ್ಕೆ ಒಬ್ಬನ ಕೈ ಸಾಕು. ಒಬ್ಬನ ಕೃತ್ಯವನ್ನು ಇಬ್ಬರ ಕಲಹವಾಗಿ ಹೆಸರಿಸಿದಾಗ ಮೂರನೆಯವನಿಗೆ ತಟಸ್ಥನಾಗಿರುವುದೇ ಸಭ್ಯತೆಯಾಗುತ್ತದೆ. ಗಂಡಸಿನ ಪ್ರತಿಭಟನೆ ಮೊದಲು ಮುರಿಯಬೇಕಾದದ್ದು ಈ ಸಭ್ಯತೆಯನ್ನು.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯) ತನ್ನ ಸಾರಸ್ವತ ಸಮಾಜದ ಹಿರಿಯರನ್ನೇ ಎದುರು ನಿಲ್ಲಿಸಿಕೊಂಡು ಮಾತನಾಡಿದ ಕೃತಿ. ಅಲ್ಲಿನ ಕೇಂದ್ರಪ್ರಶ್ನೆ ಬಾಲವಿಧವೆಯ ವಿದ್ಯಾಭ್ಯಾಸ ಮತ್ತು ಪುನರ್ವಿವಾಹ. ಸುಧಾರಣಾಯುಗದ ಲೇಖಕರು ಪದ್ಧತಿಗಳ ವಿರುದ್ಧ ಹೋರಾಡಿದರು. ಪದ್ಧತಿಗೆ ಶಾಸ್ತ್ರದ ಆಧಾರವಿರುತ್ತದೆ, ಸಮರ್ಥಿಸುವ ಪಂಡಿತರಿರುತ್ತಾರೆ. ಆದ್ದರಿಂದ ವಾದ ಸಾಧ್ಯ. ಹೊಡೆತವಾದರೋ ಯಾರೂ ವೇದಿಕೆಯ ಮೇಲೆ ನಿಂತು ಸಮರ್ಥಿಸದ, ಆದರೆ ಮನೆಮನೆಯಲ್ಲಿ ನಡೆದುಕೊಂಡು ಬಂದ ರೂಢಿ. ವಾದಕ್ಕೆ ಪ್ರತಿವಾದಿಯೇ ಇಲ್ಲದ ಕಡೆ ಸುಧಾರಕನ ಮಾತಿಗೆ ಹಿಡಿ ಸಿಗಲಿಲ್ಲವೆಂದು ನಾವು ಊಹಿಸಬಹುದು.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬) ಈ ದೃಷ್ಟಿಯಿಂದ ಹೊಸ ನೆಲಕ್ಕೆ ಕಾಲಿಟ್ಟ ಕೃತಿ. ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಕಾನೂರಿಗೆ ಬಂದ ಸುಬ್ಬಮ್ಮ ಗಂಡನ ಕ್ರೌರ್ಯಕ್ಕೂ ಸಂಶಯಕ್ಕೂ ಗುರಿಯಾಗುತ್ತಾಳೆ. ಮನೆಯ ದರ್ಪವನ್ನು ಮೈಸೂರಿನಲ್ಲಿ ಓದಿ ಬಂದ ಹೂವಯ್ಯ ಒಪ್ಪುವುದಿಲ್ಲ. ಆದರೆ ಈ ವಿರೋಧ ಸಾಗುವ ದಿಕ್ಕು ವಿಚಾರಾರ್ಹವಾದುದು. ಅಣ್ಣನ ಮಗನಾದ ಯುವಕನು ಚಿಕ್ಕಪ್ಪನ ಹೆಂಡತಿಯ ಪರವಾಗಿ ನಿಂತರೆ ಆ ನಿಲುವೇ ಅಪವಾದಕ್ಕೆ ಕಾರಣವಾಗುತ್ತದೆ. ಕಾದಂಬರಿಯಲ್ಲಿ ಗೌಡರ ಸಂಶಯ ಹೂವಯ್ಯನತ್ತಲೂ ಹರಿಯುತ್ತದೆ. ಹಿಂಸೆಯ ಪ್ರಶ್ನೆ ಶೀಲದ ಪ್ರಶ್ನೆಯಾಗಿಯೂ, ಕೊನೆಗೆ ಮನೆ ಪಾಲಾಗುವ ಆಸ್ತಿಯ ಪ್ರಶ್ನೆಯಾಗಿಯೂ ರೂಪಾಂತರ ಹೊಂದುತ್ತದೆ. ಹೂವಯ್ಯ ಕೆಳಕಾನೂರಿಗೆ ಬೇರೆ ಹೋಗುತ್ತಾನೆ, ಸುಬ್ಬಮ್ಮ ಹೋಗಲಾರಳು. ಇದನ್ನು ಕಾದಂಬರಿಯ ದೋಷವೆಂದು ನಾವು ಹೇಳುತ್ತಿಲ್ಲ. ಅವಿಭಕ್ತ ಕುಟುಂಬದಲ್ಲಿ ಹೆಣ್ಣಿನ ಪರವಾದ ಗಂಡಸಿನ ಮಾತು ಹೇಗೆ ಗಂಡಸರಿಬ್ಬರ ನಡುವಣ ವ್ಯಾಜ್ಯವಾಗಿ ಮುಗಿಯುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಕಾಣಿಸಿದ್ದೇ ಅದರ ಸಾಧನೆ. ಹೂವಯ್ಯನ ಆದರ್ಶವನ್ನು ಮೆಚ್ಚುವ ಉತ್ಸಾಹದಲ್ಲಿ, ಆ ಆದರ್ಶದಿಂದ ಸುಬ್ಬಮ್ಮನಿಗೆ ದೊರೆತದ್ದೇನು ಎಂದು ಕೇಳದೆ ಹೋದದ್ದು ವಿಮರ್ಶೆಯ ಕೊರತೆ.

ಗಿರೀಶ ಕಾರ್ನಾಡರ ‘ನಾಗಮಂಡಲ’ (೧೯೮೮) ಇದೇ ಸಮಸ್ಯೆಯನ್ನು ಕುಟುಂಬದಿಂದ ಊರಿಗೆ ವಿಸ್ತರಿಸುತ್ತದೆ. ಅಪ್ಪಣ್ಣ ತನ್ನ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಬೀಗ ಬಾಗಿಲ ಹೊರಗಡೆಯೇ ಇದೆ, ಕಾಣುವವರಿಗೆಲ್ಲ ಕಾಣುತ್ತದೆ. ಅದನ್ನು ಕಂಡು ಕಿಟಕಿಯ ಬಳಿಗೆ ಬರುವವಳು ಕಣ್ಣು ಕಾಣದ ಮುದುಕಿ ಕುರುಡವ್ವ. ಅವಳ ಮಗ ಕಪ್ಪಣ್ಣನಿಗೆ ಅವಳನ್ನು ಅಲ್ಲಿಂದ ಕರೆದುಕೊಂಡು ಹೋಗುವುದೇ ಅವಸರ. ಊರಿನ ಹಿರಿಯರು ಸೇರುವುದು ರಾಣಿ ಬಸುರಾದ ಮೇಲೆ, ಅಪ್ಪಣ್ಣನ ದೂರಿನ ಮೇಲೆ. ಆ ಸಭೆಯಲ್ಲಿ ವಿಚಾರಣೆಗೆ ಒಳಗಾಗುವುದು ಅವಳ ಶೀಲ, ಅವನ ಬೀಗವಲ್ಲ. ಹಾವನ್ನು ಹಿಡಿದು ದಿವ್ಯದಲ್ಲಿ ಗೆದ್ದ ರಾಣಿಯನ್ನು ಅವರು ದೇವಿಯೆಂದು ಕೊಂಡಾಡುತ್ತಾರೆ. ದೇವಿಯಾದವಳಿಗೆ ನ್ಯಾಯ ಕೊಡಬೇಕಾದ ಅಗತ್ಯ ಊರಿಗೆ ಉಳಿಯುವುದಿಲ್ಲ ಎಂಬ ವ್ಯಂಗ್ಯವನ್ನು ನಾಟಕ ಧ್ವನಿಸುತ್ತದೆ. ಹಿರಿಯರ ಮೌನ ಇಲ್ಲಿ ಭಯದಿಂದ ಹುಟ್ಟಿದ್ದಲ್ಲ. ಹೆಂಡತಿಯ ಮೇಲೆ ಗಂಡನಿಗಿರುವ ಅಧಿಕಾರ ಅವರಿಗೆ ಪ್ರಶ್ನೆಯಾಗಿ ತೋರುವುದೇ ಇಲ್ಲ.

ಹೀಗೆ ಒಂದು ಕೃತಿಯಲ್ಲಿ ಮಾತನಾಡುವವನು ಸಂಶಯಕ್ಕೆ ಗುರಿಯಾಗುತ್ತಾನೆ. ಇನ್ನೊಂದರಲ್ಲಿ ಅಧಿಕಾರವುಳ್ಳವರು ಬೇರೆಯದನ್ನೇ ಮಾತನಾಡುತ್ತಾರೆ. ಈ ಎರಡೂ ಇಕ್ಕಟ್ಟುಗಳಿಗೆ ಉತ್ತರವೆಂಬಂತೆ ಕಾಣುವ ಪಠ್ಯವೊಂದು ಹೊರನಾಡ ಕನ್ನಡಿಗರ ದೊಡ್ಡ ನೆಲೆಯಾದ ಮುಂಬಯಿಯಲ್ಲಿ ಹುಟ್ಟಿತು. ೧೯೯೧ರಲ್ಲಿ ಪತ್ರಕರ್ತ ಸಿ. ವೈ. ಗೋಪಿನಾಥ್ ದಿನಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತನ್ನು ಪ್ರಕಟಿಸಿದರು. ಹೆಂಡತಿ ಇರುವುದು ಹೊಡೆಯುವುದಕ್ಕಲ್ಲ ಎಂದು ನಂಬುವ ಗಂಡಸರು ಬೇಕಾಗಿದ್ದಾರೆ, ಅಂಥವರು ಬರೆಯಿರಿ ಎಂಬುದು ಅದರ ಸಾರಾಂಶ. ಬಂದ ಉತ್ತರಗಳು ೨೦೫. ಈ ಓಲೆಗಳಿಂದ ಮೊದಲಾದ ಗುಂಪು ೧೯೯೩ರಲ್ಲಿ ‘ಮೆನ್ ಅಗೇನ್ಸ್ಟ್ ವಯೊಲೆನ್ಸ್ ಅಂಡ್ ಅಬ್ಯೂಸ್’ ಎಂಬ ಸಂಸ್ಥೆಯಾಯಿತು. ಹರೀಶ್ ಸದಾನಿ ಅದರ ಸ್ಥಾಪಕರಲ್ಲೊಬ್ಬರು.

ಜಾಹೀರಾತಿನ ರೂಪವನ್ನು ಪರೀಕ್ಷಿಸೋಣ. ‘ಬೇಕಾಗಿದ್ದಾರೆ’ ಎಂಬ ಶೈಲಿ ನೌಕರಿಯದು, ವಧೂವರರದು. ಅದೇ ಶೈಲಿಯಲ್ಲಿ ಇಂಥ ನಂಬಿಕೆಯವರನ್ನು ಹುಡುಕಿದಾಗ, ಈ ನಂಬಿಕೆ ಸಹಜವೆಂದುಕೊಂಡಿದ್ದ ಓದುಗನು ಅದು ಹುಡುಕಿ ತರಬೇಕಾದ ಅರ್ಹತೆಯೇ ಎಂದು ಬೆಚ್ಚಬೇಕಾಗುತ್ತದೆ. ಇಲ್ಲಿ ನೊಂದ ಹೆಣ್ಣಿನ ಚಿತ್ರವಿಲ್ಲ, ಕರುಣೆಯ ಬೇಡಿಕೆಯಿಲ್ಲ. ಮಾತು ಗಂಡಸಿನಿಂದ ಗಂಡಸಿಗೆ ನೇರವಾಗಿದೆ. ಒಪ್ಪಿದವನಿಗೆ ದೊರೆಯುವುದು ಮೆಚ್ಚುಗೆಯಲ್ಲ, ಕೆಲಸ. ೧೯೯೬ರಿಂದ ಈ ಸಂಸ್ಥೆ ಮರಾಠಿಯ ದೀಪಾವಳಿ ಸಂಚಿಕೆಗಳ ಪರಂಪರೆಗೆ ಸೇರುವಂತೆ ಹೊರತಂದ ‘ಪುರುಷ ಸ್ಪಂದನ’ ಇದೇ ಮಾತನ್ನು ಮುಂದುವರಿಸಿತು. ಗಂಡಸುತನವನ್ನು ಗಂಡಸರೇ ವಿಚಾರಿಸಿಕೊಳ್ಳಲು ಒಂದು ವಾರ್ಷಿಕಾಂಕವನ್ನು ಮೀಸಲಿಟ್ಟ ಈ ಪ್ರಯತ್ನ ಕನ್ನಡ ಪತ್ರಿಕಾಲೋಕಕ್ಕೂ ಅನುಕರಣೀಯವಾದುದು.

ಬ್ರೇಕ್‌ಥ್ರೂ ಸಂಸ್ಥೆ ೨೦೦೮ರಲ್ಲಿ ಆರಂಭಿಸಿದ ‘ಬೆಲ್ ಬಜಾವೊ’ ಚಿತ್ರಮಾಲೆ ಮತ್ತೊಂದು ಉಪಾಯವನ್ನು ಕಂಡುಕೊಂಡಿತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದ ಗಂಡಸೋ ಹುಡುಗರೋ ಹೋಗಿ ಕರೆಗಂಟೆ ಒತ್ತುತ್ತಾರೆ. ಬಾಗಿಲು ತೆರೆದಾಗ ಹಾಲನ್ನೋ ಚೆಂಡನ್ನೋ ಕೇಳುತ್ತಾರೆ. ಅದು ನೆಪವೆಂದು ಇಬ್ಬರಿಗೂ ಗೊತ್ತು. ಬಂದವನು ಆರೋಪ ಹೊರಿಸುವುದಿಲ್ಲ, ಹೆಂಡತಿಯ ಹೆಸರೆತ್ತುವುದಿಲ್ಲ. ಆದ್ದರಿಂದ ಹೂವಯ್ಯನಿಗೆ ಅಂಟಿದ ಅಪವಾದ ಇವನಿಗೆ ಅಂಟದು. ‘ನಮಗೆ ಕೇಳಿಸುತ್ತಿದೆ’ ಎಂಬಷ್ಟನ್ನು ಮಾತ್ರ ಹೇಳಿ ಅವನು ಸಂಸಾರದ ಗುಟ್ಟನ್ನು ಒಡೆಯುತ್ತಾನೆ. ಉಪಾಯ ಚೆಲುವಾದದ್ದು, ಆದರೆ ಅದರ ಮಿತಿಯೂ ಸ್ಪಷ್ಟ. ಬಾಗಿಲು ಮತ್ತೆ ಮುಚ್ಚುತ್ತದೆ. ಒಳಗೆ ಉಳಿದವಳ ಮುಂದಿನ ಗಳಿಗೆಯನ್ನು ಚಿತ್ರ ತೋರಿಸುವುದಿಲ್ಲ. ಗಂಟೆ ಒತ್ತಿದವನ ಧೈರ್ಯಕ್ಕೆ ತಲೆದೂಗಿ ನೋಡುಗನು ಎದ್ದುಹೋಗುವ ಅಪಾಯವಿದೆ.

ನೆಪವಿಲ್ಲದೆ ಮಾತನಾಡಲು ಕಾನೂನು ಈಗ ಅವಕಾಶ ಕೊಟ್ಟಿದೆ. ೧೯೮೩ರಲ್ಲಿ ದಂಡಸಂಹಿತೆಗೆ ಸೇರಿದ ೪೯೮-ಎ ಕಲಮು ಗಂಡನ ಹಾಗೂ ಅವನ ಕಡೆಯವರ ಕ್ರೌರ್ಯವನ್ನು ಅಪರಾಧವೆಂದಿತು. ೨೦೨೪ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ದೌರ್ಜನ್ಯ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆಂದೂ, ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬಾರದೆಂದೂ ಹೇಳುತ್ತದೆ. ‘ಕೇಳಲು ನೀನು ಯಾರು?’ ಎಂಬ ಹಳೆಯ ಪ್ರಶ್ನೆಗೆ ಇದು ಉತ್ತರ. ಆದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೮ರಿಂದ ೪೯ ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು ೪೪ ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಕೆಲವು ಸಂದರ್ಭಗಳಲ್ಲಿ ಹೆಂಡತಿಯನ್ನು ಹೊಡೆಯುವುದು ಸರಿಯೆಂದ ಗಂಡಸರು ನೂರಕ್ಕೆ ೮೦ಕ್ಕಿಂತ ಹೆಚ್ಚು. ವೇದಿಕೆಯ ಮೇಲೆ ಯಾರೂ ಸಮರ್ಥಿಸದ ರೂಢಿಗೆ ಮನೆಯೊಳಗೆ ಇಷ್ಟು ಸಮರ್ಥಕರಿದ್ದಾರೆ. ಸಾಹಿತ್ಯದ ಸಹಾನುಭೂತಿ ಇವರನ್ನು ಮುಟ್ಟಲಿಲ್ಲವೆಂದರೆ, ಅದು ಇವರನ್ನು ಉದ್ದೇಶಿಸಿ ಮಾತನಾಡಿದ್ದು ಅಪರೂಪ ಎಂಬುದೂ ಒಂದು ಕಾರಣವಿರಬೇಕು.

ಹೊರನಾಡ ಸಂಶೋಧಕರಿಗೆ ಇಲ್ಲಿ ವಿಶೇಷ ಕ್ಷೇತ್ರವಿದೆ. ಕಾನೂರಿನ ಸುಬ್ಬಮ್ಮನಿಗೆ ನಡೆದು ಸೇರಬಹುದಾದ ತವರಿತ್ತು. ಮುಂಬಯಿಯ ಚಾಳಿನಲ್ಲೋ ಪುಣೆಯ ಬಾಡಿಗೆ ಮನೆಯಲ್ಲೋ ಇರುವ ಕನ್ನಡ ಹೆಣ್ಣುಮಗಳಿಗೆ ತವರು ಒಂದು ರಾತ್ರಿಯ ಪ್ರಯಾಣದಾಚೆ ಇದೆ; ನೆರೆಯವರ ನುಡಿಯೂ ಬೇರೆ. ಅವಳ ಪಾಲಿಗೆ ಸಮಾಜವೆಂದರೆ ಕನ್ನಡ ಸಂಘ, ಜಾತಿಸಂಘ, ಊರಿನವರ ಕೂಟ. ಈ ಸಂಘಗಳ ಸ್ಮರಣಸಂಚಿಕೆಗಳಲ್ಲಿ, ಮುಖಪತ್ರಗಳಲ್ಲಿ, ವಾರ್ಷಿಕೋತ್ಸವದ ನಾಟಕಗಳಲ್ಲಿ ಗಂಡಸರು ತಮ್ಮವರನ್ನೇ ಉದ್ದೇಶಿಸಿ ಏನು ಹೇಳಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂಬುದನ್ನು ಸಂಗ್ರಹಿಸಿ ಪರಿಶೀಲಿಸಬೇಕಾಗಿದೆ. ಹಾಗೆ ಮಾಡುವಾಗ, ಹೊಡೆಯುವವನು ಯಾವಾಗಲೂ ಜಮೀನ್ದಾರ, ಕುಡುಕ, ಓದದವನು ಎಂದು ಚಿತ್ರಿಸುವ ಬರಹಗಳನ್ನು ನಾವು ಎಚ್ಚರದಿಂದ ಓದಬೇಕು. ಬೇರೆಯವರ ಮೇಲೆ ಬೆರಳು ತೋರುವ ಮಾತು ಸುಲಭ. ತನ್ನ ಕುಲದ, ತನ್ನ ಕಚೇರಿಯ, ತನ್ನ ಪಂಕ್ತಿಯ ಗಂಡಸಿಗೆ ‘ಇದು ಜಗಳವಲ್ಲ, ಹೊಡೆತ’ ಎಂದು ಹೇಳುವ ಮಾತೇ ಕಷ್ಟದ್ದು; ಆಡಿದವನಿಗೆ ಸ್ನೇಹವನ್ನೋ ಸ್ಥಾನವನ್ನೋ ಕಳೆದುಕೊಳ್ಳುವ ಬೆಲೆ ಇರುವಂಥದ್ದು. ಪ್ರತಿಭಟನೆಯ ಸಾಹಿತ್ಯದಲ್ಲಿ ಆ ಬೆಲೆ ತೆತ್ತ ಪಠ್ಯ ಯಾವುದು, ತೆರದ ಪಠ್ಯ ಯಾವುದು ಎಂದು ವಿಂಗಡಿಸುವುದು ವಿಮರ್ಶೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.