ಇ-ಮೇಲ್ ವಿಳಾಸ ಕೊಟ್ಟರೆ ಕಿವಿ ಕೊಟ್ಟಂತಾಯಿತೆ?

ಜನರ ಅಭಿಪ್ರಾಯ ಕೇಳೋದಕ್ಕೆ ಸರ್ಕಾರಕ್ಕೆ ಈಗ ಡಂಗುರ ಬೇಕಿಲ್ಲ. ಒಂದು ಇ-ಮೇಲ್ ವಿಳಾಸ, ಒಂದು ಕಡೆಯ ದಿನಾಂಕ ಸಾಕು. ಆಮೇಲೆ 'ಎಲ್ಲರನ್ನೂ ಕೇಳಿದ್ದೇವೆ' ಎನ್ನುತ್ತದೆ. ಯಾರನ್ನು ಕೇಳಿದಿರಿ ಸ್ವಾಮಿ?

2020ರ ಮಾರ್ಚಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡನ್ನು ಸಿದ್ಧಪಡಿಸಿತು. ಗಣಿ, ಅಣೆಕಟ್ಟು, ಕಾರ್ಖಾನೆಗಳಿಗೆ ಯಾರನ್ನು ಕೇಳಿ ಅನುಮತಿ ಕೊಡಬೇಕು ಅನ್ನುವ ನಿಯಮ ಅದು. ದೇಶಕ್ಕೆ ಲಾಕ್‌ಡೌನ್ ಬಿದ್ದಿತ್ತು. ಕೂಲಿಯವರು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆಯುತ್ತಿದ್ದರು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ಜೂನ್ 30ರಂದು ದೆಹಲಿ ಹೈಕೋರ್ಟು ಹೇಳಿದರೆ, ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು! ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು.

2006ರ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ. ಯೋಜನೆ ಬರುವ ಜಾಗದಲ್ಲೇ ಅದು ನಡೆಯಬೇಕು. ಜನ ಹೇಳಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಅವರ ಭಾಷೆಯಲ್ಲೇ ಓದಿ ತಿಳಿಸಬೇಕು. ಅದಕ್ಕೆ ಜಿಲ್ಲಾಧಿಕಾರಿಯ ಸಹಿ ಬೀಳಬೇಕು. ಈ ಸಭೆಗಳನ್ನು ನಾವು ಹೊಗಳುತ್ತಿಲ್ಲ. ಪೆಂಡಾಲಿನ ಮುಂದಿನ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ, ಕೇರಿಯ ಜನ ಎಲ್ಲಿ ನಿಲ್ಲುತ್ತಾರೆ ಎಂಬುದು ನಮಗೆ ಗೊತ್ತು. ಆದರೂ ಅಲ್ಲಿ ಒಬ್ಬ ಹೆಂಗಸು ಎದ್ದು ನಿಂತು 'ನನ್ನ ಅರ್ಧ ಎಕರೆ ಹೋಗ್ತದೆ, ಎಲ್ಲಿ ಹೋಗ್ಲಿ ಹೇಳ್ರಿ' ಅಂದರೆ ಅದನ್ನು ಬರೆದುಕೊಳ್ಳಲೇಬೇಕು. ಇ-ಮೇಲಿಗೆ ಈ ಹಂಗಿಲ್ಲ. ಅದು ಬಿದ್ದ ಕಡೆ ಯಾರು ಓದಿದರು, ಏನೆಂದು ಬರೆದುಕೊಂಡರು, ಯಾಕೆ ಒಪ್ಪಲಿಲ್ಲ, ಒಂದಕ್ಕೂ ಲೆಕ್ಕವಿಲ್ಲ. ಅದೇ ಕರಡು, ಇಂಥ ಸಭೆಗೆ ಜನರಿಗಿದ್ದ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸಲು ಹೊರಟಿತ್ತು. ಕಂಪ್ಯೂಟರಿನಲ್ಲಿ ಕಿಟಕಿ ತೆರೆದವರೇ ಊರಿನಲ್ಲಿ ಬಾಗಿಲು ಕಿರಿದು ಮಾಡುತ್ತಿದ್ದರು.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಆಗ ಲಕ್ಷಗಟ್ಟಲೆ ಇ-ಮೇಲ್ ಹೋದವು. ಆ ಕರಡು ಅಂತಿಮ ಅಧಿಸೂಚನೆಯಾಗಲಿಲ್ಲ. ಆ ಒತ್ತಡ ಸಣ್ಣದಲ್ಲ. ಆದರೆ ಎಷ್ಟೋ ಪತ್ರಗಳು ಪಟ್ಟಣದಲ್ಲಿ ಸಿದ್ಧವಾದ ಇಂಗ್ಲಿಷ್ ಒಕ್ಕಣೆಯ ನಕಲುಗಳು. ಭೂಮಿ ಕಳೆದುಕೊಳ್ಳುವವರ ಪರವಾಗಿ ನಾವು ಗುಂಡಿ ಒತ್ತಿದೆವು, ಅವರ ಮಾತು ಕೇಳಿ ಬರೆದವರು ಎಷ್ಟು ಮಂದಿ?

ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ. ಕರಡು ಕನ್ನಡದಲ್ಲಿ ಬರಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಹೇಳಿದ ಪ್ರತಿ ಮಾತಿಗೂ ಲಿಖಿತ ಉತ್ತರ ಕೊಡಲಿ. ಅಲ್ಲಿಯತನಕ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಮುಂದಿನ ಕರಡು ಬಂದಾಗ ಮೊಬೈಲು ಹಿಡಿದು ಕೇರಿಗೆ ಹೋಗೋಣ. ಮೊದಲು ಓದಿ ಹೇಳೋಣ, ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯೋಣ.