ನೂರು ದಿನಾರಿನ ನೋಟಿನಲ್ಲಿ ನಿಕೋಲಾ ಟೆಸ್ಲಾ

ಸರ್ಬಿಯಾದ ರಾಷ್ಟ್ರೀಯ ಬ್ಯಾಂಕು ಹೊರಡಿಸುವ 100 ದಿನಾರಿನ ನೀಲಿ ನೋಟು, ಪರ್ಯಾಯ ವಿದ್ಯುತ್ ಪ್ರವಾಹದ ಮೋಟಾರನ್ನು ರೂಪಿಸಿದ ನಿಕೋಲಾ ಟೆಸ್ಲಾ (1856–1943) ಅವರ ಗೌರವಾರ್ಥ ರಚಿತವಾದುದು. ಒಂದು ಯೂರೋಗಿಂತಲೂ ಕಡಿಮೆ ಬೆಲೆಯ ಈ ಚಲಾವಣೆಯ ನೋಟನ್ನು ಸಂಗ್ರಾಹಕರು ಮಡಿಕೆ ಬೀಳದಂತೆ ಕಾಪಿಡುತ್ತಾರೆ. ನೋಟಿನ ಮೇಲೆ ರಾಜನನ್ನು ಕಿರೀಟದಿಂದಲೂ ಕವಿಯನ್ನು ಲೇಖನಿಯಿಂದಲೂ ಗುರುತಿಸುವಂತೆ ಮಾಡಬಹುದು. ಆದರೆ ಕಣ್ಣಿಗೆ ಕಾಣದ ಕಾಂತಶಕ್ತಿಯನ್ನು ಪಳಗಿಸಿದವರ ಸಾಧನೆಯನ್ನು 143×68 ಮಿಲಿಮೀಟರಿನ ಕಾಗದದಲ್ಲಿ ತೋರಿಸುವುದು ಹೇಗೆಂಬುದೇ ಇಲ್ಲಿನ ವಿನ್ಯಾಸದ ಮುಖ್ಯ ಪ್ರಶ್ನೆ.

ಮುಂಬದಿಯಲ್ಲಿ ಟೆಸ್ಲಾ ಅವರ ಭಾವಚಿತ್ರದೊಂದಿಗೆ ಅವರ ಹೆಸರಿನ ಮಾನದ ಸೂತ್ರವೂ ಇದೆ. ಕಾಂತಕ್ಷೇತ್ರ ಒಂದು ಜಾಗದಲ್ಲಿ ಎಷ್ಟು ದಟ್ಟವಾಗಿದೆ ಎಂಬುದನ್ನು ಅಳೆಯುವ ಈ ಮಾನವನ್ನು 1960ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಅಂಗೀಕರಿಸಿತು. ಒಂದು ಚದರ ಮೀಟರಿಗೆ ಒಂದು ವೇಬರ್, ಅಂದರೆ ಅಷ್ಟು ವಿಸ್ತೀರ್ಣವನ್ನು ಹಾದುಹೋಗುವ ಒಂದು ಮಾನದಷ್ಟು ಕಾಂತೀಯ ಅಭಿವಾಹ, ಎಂಬುದೇ ಆ ಸೂತ್ರದ ಅರ್ಥ. ಪದಕ, ಲಾರೆಲ್ ಎಲೆಗಳಂಥ ಹಳೆಯ ಅಲಂಕಾರಗಳಿಗೆ ಬದಲಾಗಿ, ವಿಜ್ಞಾನವೇ ಸಲ್ಲಿಸಿದ ಗೌರವವನ್ನು ಎತ್ತಿಕೊಂಡಿರುವುದು ಈ ವಿನ್ಯಾಸದ ಅತ್ಯಂತ ಸಮರ್ಥ ಆಯ್ಕೆಯಾಗಿದೆ.

ಹಿಂಬದಿ ಅಷ್ಟು ಗಟ್ಟಿಯಾಗಿಲ್ಲ. ಅಲ್ಲಿ ಟೆಸ್ಲಾ ಅವರ ಆಕೃತಿ, ಪ್ರೇರಣ ಮೋಟಾರಿನ ಒಂದು ಭಾಗ ಮತ್ತು ಪಾರಿವಾಳ ಇವೆ. ನ್ಯೂಯಾರ್ಕಿನಲ್ಲಿ ಒಂಟಿಯಾಗಿ ಬಾಳಿದ ಟೆಸ್ಲಾ ಪಾರಿವಾಳಗಳಿಗೆ ಕಾಳು ಹಾಕಿ ಸಾಕುತ್ತಿದ್ದುದರಿಂದ ಆ ಹಕ್ಕಿ ಶಾಂತಿಯ ಸವಕಲು ಸಂಕೇತವಾಗದೆ ಜೀವನದ ವಿವರವಾಗಿ ಒದಗುತ್ತದೆ. ಆದರೆ ಮೋಟಾರಿನ ಚಿತ್ರ ಅದರ ತತ್ತ್ವವನ್ನು ತಿಳಿಸುವುದಿಲ್ಲ. ಒಂದರ ಹಿಂದೊಂದು ಏರಿಳಿಯುವ ಪ್ರವಾಹಗಳನ್ನು ಸ್ಥಿರವಾದ ಸುರುಳಿಗಳಲ್ಲಿ ಹರಿಸಿ, ಕಾಂತಕ್ಷೇತ್ರವೇ ಸುತ್ತುವಂತೆ ಮಾಡಿ, ನಡುವಿನ ಲೋಹದ ಉರುಳೆಯನ್ನು ತಂತಿಯ ಸಂಪರ್ಕವಿಲ್ಲದೆ ತಿರುಗಿಸುವುದು ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ಕಲ್ಪನೆಯಾಗಿದ್ದು, ಕರ್ನಾಟಕದ ಹೊಲಗಳ ಪಂಪ್‌ಸೆಟ್ಟುಗಳಲ್ಲಿ ತಿರುಗುವುದೂ ಇದೇ ಜಾತಿಯ ಮೋಟಾರು. ನಕಲನ್ನು ತಡೆಯಲು ನೋಟುಗಳಲ್ಲಿ ಹೆಣೆಯುವ ಗಿಲೋಷ್ ಎಂಬ ಸೂಕ್ಷ್ಮರೇಖೆಗಳ ಜಾಲ ಸ್ವಭಾವತಃ ಸುತ್ತುವ ವಿನ್ಯಾಸವಾದುದರಿಂದ, ಅದನ್ನೇ ಈ ಸುತ್ತುವ ಕ್ಷೇತ್ರದ ಚಿತ್ರವಾಗಿ ದುಡಿಸಿಕೊಳ್ಳುವ ಅವಕಾಶವಿತ್ತು. ಆ ಸುತ್ತುವಿಕೆ ಕಾಣದ ಕಡೆ ಯಂತ್ರ ಬರಿಯ ಒಡವೆಯಾಗಿ ಉಳಿಯುತ್ತದೆ.

ಈ ನೋಟಿನ ಪೂರ್ಣ ಅರ್ಥ ಅದರ ಹಿಂದಿನ ನೋಟುಗಳ ಪಕ್ಕದಲ್ಲಿಟ್ಟಾಗ ತಿಳಿಯುತ್ತದೆ. ಸರ್ಬಿಯಾ ಅಂದು ಸೇರಿದ್ದ ಯುಗೊಸ್ಲಾವಿಯದ 1970ರ 500 ದಿನಾರಿನ ನೋಟಿನಲ್ಲಿ ಟೆಸ್ಲಾ ಪುಸ್ತಕ ಹಿಡಿದು ಕುಳಿತ ಪ್ರತಿಮೆಯಾಗಿದ್ದರು. 1993ರ ಹಣದುಬ್ಬರದಲ್ಲಿ ಅವರ ಮುಖ 50 ಲಕ್ಷ ದಿನಾರಿನಿಂದ ಸಾವಿರ ಕೋಟಿ ದಿನಾರಿನ ನೋಟಿಗೆ ಏರಿತು. 1994ರ ಹೊಸ ದಿನಾರಿನಲ್ಲಿ ಬರಿಯ ಐದಕ್ಕೆ ಇಳಿಯಿತು. ಟೆಸ್ಲಾ ಹುಟ್ಟಿದ ಸ್ಮಿಲ್ಯಾನ್ ಈಗ ಕ್ರೊಯೇಷಿಯಾದಲ್ಲಿದ್ದು, ಆ ದೇಶವೂ 2023ರಿಂದ ತನ್ನ 10, 20 ಮತ್ತು 50 ಸೆಂಟಿನ ನಾಣ್ಯಗಳಲ್ಲಿ ಅವರನ್ನು ಮೂಡಿಸಿದೆ. ಮುಖ ಹೀಗೆ ಎರಡು ದೇಶಗಳ ಹಕ್ಕಿನ ಮಾತಾಗಿ, ಬೆಲೆ ಏರಿಳಿದ ಕಾಗದದ ಮೇಲೆ ಅಲೆದಾಡಿದ ಮೇಲೂ ಸೂತ್ರದ ಅರ್ಥ ಎಲ್ಲ ದೇಶಗಳಲ್ಲೂ ಒಂದೇ ಆಗಿದೆ. ಆದ್ದರಿಂದ 100 ದಿನಾರಿನ ನೋಟಿನಲ್ಲಿ ಹಿಂಬದಿಯ ಯಂತ್ರಕ್ಕಿಂತ, ಭಾವಚಿತ್ರಕ್ಕಿಂತಲೂ, ಮುಂಬದಿಯ ಆ ಪುಟ್ಟ ಸೂತ್ರವೇ ಸಂಶೋಧಕನಿಗೆ ಸಂದ ನಿಜವಾದ ಗೌರವವೆನ್ನಬೇಕು.